ಇಪ್ಪತ್ತಮೂರನೆಯ ಸದ್ದು

ದರ್ಜಿಯ ಹೊಲಿಗೆ ಯಂತ್ರಕ್ಕೂ ಅವನ ಹೆಂಡತಿಯ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ, ಅಷ್ಟೇ. ಈಚೆ ಅವನು ಕಾಲರ್ ಹೊಲಿಯುತ್ತಿದ್ದರೆ ಆಚೆ ಯಾವುದೋ ಗಾಡಿ ಕೆಮ್ಮುತ್ತಿರುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಹೀಗೇ ನಡೆದಿತ್ತು. ಹೆಂಡತಿಯನ್ನು ಎಲ್ಲರೂ ಗ್ಯಾರೇಜಮ್ಮ ಎನ್ನುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಕಣ್ಣು ಮುಚ್ಚಿ, ಸದ್ದು ಕೇಳಿ, ಎಲ್ಲಿ ಏನು ಕೆಟ್ಟಿದೆ ಎಂದು ಹೇಳಿಬಿಡುವ ಹೆಂಗಸು. ದರ್ಜಿಯನ್ನು ಮಾತ್ರ ಯಾರೂ ಏನೂ ಎನ್ನುತ್ತಿರಲಿಲ್ಲ, ಯಾಕೆಂದರೆ ಅವನು ಬಾಯಿಯೇ ಬಿಡುತ್ತಿರಲಿಲ್ಲ. ಅಳತೆ ತೆಗೆಯುವಾಗ 'ಕೈ ಎತ್ತಿ' ಎನ್ನುವುದಕ್ಕೂ ನಾಚಿಕೆಪಟ್ಟು, ತಾನೇ ಕೈ ಎತ್ತಿ ತೋರಿಸುತ್ತಿದ್ದ.

ಮನೆಯೊಳಗೆ ಮಾತ್ರ ಕಥೆ ಬೇರೆ. ಸಂಜೆ ಊಟಕ್ಕೆ ಕೂತಾಗ ಗ್ಯಾರೇಜಮ್ಮ ಅವತ್ತು ಬಂದ ಗಾಡಿಯ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಬೇಕು, ಗಂಡ ಮತ್ತು ಮಗಳು ರೋಗ ಯಾವುದೆಂದು ಹೇಳಬೇಕು, ಸೋತವರು ಪಾತ್ರೆ ತೊಳೆಯಬೇಕು. ಸೋಲುತ್ತಿದ್ದವನು ದರ್ಜಿಯೇ. ಪಾತ್ರೆ ತಿಕ್ಕುತ್ತಾ ಆ ಸದ್ದನ್ನು ಹತ್ತು ಸಲ, ಇಪ್ಪತ್ತು ಸಲ ತಾನೂ ಮಾಡಿ ನೋಡುತ್ತಿದ್ದ. 'ಟಿಕ್ ಟಿಕ್ ಟಿಕ್ ಫುಸ್... ಓ, ಇದಾ!' ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಅಮ್ಮ ಮಗಳು ಆಕಳಿಸುತ್ತಿರುತ್ತಿದ್ದರು.

ಗ್ಯಾರೇಜಮ್ಮ ವಾರಕ್ಕೆ ಮೂರು ದಿನ ತಾಂತ್ರಿಕ ಶಾಲೆಯಲ್ಲಿ ಪಾಠವನ್ನೂ ಮಾಡುತ್ತಿದ್ದಳು. ಅಲ್ಲಿ ಹನ್ನೊಂದು ವರ್ಷ ಕಾದಾಡಿ ಒಂದು ಪರೀಕ್ಷೆ ತಂದಿದ್ದಳು: ಸದ್ದು ಕೇಳಿ ದೋಷ ಹೇಳುವುದು. ಗಾಡಿಯ ಕಡೆ ಕಿವಿ ಕೊಡಲು ಬಾರದವನು ಮೆಕ್ಯಾನಿಕ್ಕೇ ಅಲ್ಲ ಎಂಬುದು ಅವಳ ಹಟ. ಪ್ರಿನ್ಸಿಪಾಲರದು ಬೇರೆ ಹಟ.

"ಮೇಡಂ, ದೊಡ್ಡ ಹಾಲಿನ ಚಾವಣಿ ರಿಪೇರಿ ನಡೀತಿದೆ. ನಲವತ್ತೆರಡು ಜನಾನ ಮೂರು ರೂಮಲ್ಲಿ ಕೂರಿಸ್ಬೇಕು. ಮೂರೂ ಕಡೆ ಒಂದೇ ಹೊತ್ತಿಗೆ, ಒಂದೇ ಸದ್ದು ಕೇಳಿಸ್ಬೇಕು. ಆಗ್ಲಿಲ್ವೋ, ಮುಂದಿನ ವರ್ಷದಿಂದ ಈ ಪರೀಕ್ಷೆ ಇರಲ್ಲ," ಎಂದಿದ್ದರು ಅವರು.

"ಅಷ್ಟೇ ತಾನೆ? ಡಿಸ್ಕಿದೆ ಸರ್. ಇನ್ನೆರಡು ನಕಲು ಮಾಡಿದ್ರಾಯ್ತು," ಎಂದು ನಕ್ಕುಬಂದಿದ್ದಳು ಗ್ಯಾರೇಜಮ್ಮ. ಪಾಪ, ಅವಳಿಗೇನು ಗೊತ್ತಿತ್ತು!

ಡಿಸ್ಕಿನ ಕಥೆ ಇಷ್ಟು. ಅಂಗೈಗಿಂತ ಚಿಕ್ಕ, ಪ್ಲಾಸ್ಟಿಕ್ ಡಬ್ಬಿಯೊಳಗಿನ ಡಿಸ್ಕುಗಳ ಮೇಲೆ ರೆಕಾರ್ಡ್ ಮಾಡುವ ಡಿಜಿಟಲ್ ಯಂತ್ರವೊಂದನ್ನು ಕೊಂಡು, ನಾಲ್ಕು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮೈಕು ಹಿಡಿದು ಸದ್ದು ಕೂಡಿಸಿದ್ದಳು. ಎಂಟು ಡಿಸ್ಕುಗಳಿಂದ ಮೂವತ್ತು ಒಳ್ಳೆಯ ಸದ್ದುಗಳನ್ನು ಆರಿಸಿ, ಇನ್ನೊಂದು ಯಂತ್ರ ಎರವಲು ತಂದು, ಮಗಳು ಒಂದು ಡಿಸ್ಕಿಗೆ ಸಾಲಾಗಿ ಇಳಿಸಿಕೊಟ್ಟಿದ್ದಳು. ಆಮೇಲೆ, ಡಿಸ್ಕು ಸುಮ್ಮನೆ ಯಾಕೆ ಹಾಳಾಗಬೇಕು ಎಂದು ಆ ಎಂಟನ್ನೂ ಅಳಿಸಿ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು. ಸದ್ದುಗಳು ಉಳಿದದ್ದು ಮಗಳು ಇಳಿಸಿಕೊಟ್ಟ ಆ ಒಂದೇ ಡಿಸ್ಕಿನಲ್ಲಿ.

ಆ ಎರಡನೆಯ ಯಂತ್ರವನ್ನು ಮತ್ತೆ ತಂದು, ನಡುವೆ ವೈರ್ ಸಿಕ್ಕಿಸಿ, ಗುಂಡಿ ಒತ್ತಿದರೆ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿತು: ನಕಲು ಮಾಡುವಂತಿಲ್ಲ.

ಮಗಳಿಗೆ ನಂಬಿಕೆಯೇ ಬರಲಿಲ್ಲ. ಅವಳು ಕೆಲಸ ಮಾಡುತ್ತಿದ್ದದ್ದು ಜೆರಾಕ್ಸ್ ಅಂಗಡಿಯಲ್ಲಿ. "ನಮ್ಮಂಗಡೀಲಿ ನಕಲಿನ ನಕಲಿನ ನಕಲು ಬೇಕಾದ್ರೂ ತೆಗೀತೀನಿ. ಇದಕ್ಕೇನು ಬಂತು ದೊಡ್ಡ ರೋಗ?" ಎಂದು ವೈರನ್ನು ತಿರುಗಿಸಿ ಹಾಕಿದಳು. ಬ್ಯಾಟರಿ ತೆಗೆದು ಹಾಕಿದಳು. ಯಂತ್ರಕ್ಕೆ ಎರಡು ಏಟನ್ನೂ ಕೊಟ್ಟಳು. ನಕಲು ಮಾಡುವಂತಿಲ್ಲ.

ಮೂವರೂ ಸೇರಿ ಯಂತ್ರ ಕೊಂಡ ಅಂಗಡಿಗೆ ದಂಡೆತ್ತಿಹೋದರು. ಅಂಗಡಿಯಾತ ತಾಳ್ಮೆಯ ಮನುಷ್ಯ.

"ನೋಡಿ ಮೇಡಂ, ಅಸಲಿನಿಂದ ಒಂದು ನಕಲು ಮಾಡ್ಕೋಬಹುದು. ಆ ನಕಲಿನಿಂದ ಇನ್ನೊಂದು ನಕಲು ಮಾಡೋಕೆ ಬಿಡಲ್ಲ. ಡಿಸ್ಕಿನೊಳಗೇ ಗುರುತು ಬಿದ್ದಿರುತ್ತೆ. ಜನ ಹಾಡು ಕದ್ದು ಹಂಚ್ಬಾರ್ದು ಅಂತ ಹೀಗೆ ಮಾಡಿದ್ದಾರೆ."

"ಅಂದ್ರೆ ಅಜ್ಜಿಗೆ ಮಗಳು ಹುಟ್ಟಬಹುದು, ಮಗಳಿಗೆ ಮೊಮ್ಮಗಳು ಹುಟ್ಟೋ ಹಾಗಿಲ್ಲ?"

"ಹೂಂ, ಹಾಗೇ ಅಂದ್ಕೊಳ್ಳಿ."

"ಅಲ್ರೀ, ಗ್ಯಾರೇಜು ನಂದು, ಮೈಕು ನಂದು, ಗಾಡಿ ಕೆಳಗೆ ಮಲಗಿ ಮೂಗಿಗೆ ಎಣ್ಣೆ ಬೀಳಿಸ್ಕೊಂಡವಳು ನಾನು! ಯಾವ ಗಾಯಕ ಬಂದು, ಇದು ನನ್ನ ಸೈಲೆನ್ಸರು, ಇವಳು ಕದ್ದಳು ಅಂತ ಕೇಸ್ ಹಾಕ್ತಾನೆ?"

ಅಂಗಡಿಯಾತ ನಗು ತಡೆಯಲಾರದೆ ಕೌಂಟರಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದ. "ಯಂತ್ರಕ್ಕೆ ಸೈಲೆನ್ಸರ್ ಯಾವ್ದು, ಸಂಗೀತ ಯಾವ್ದು ಅಂತ ಗೊತ್ತಾಗಲ್ಲ ಮೇಡಂ," ಎಂದ ಕೆಳಗಿನಿಂದಲೇ. ಅಸಲು ಡಿಸ್ಕುಗಳನ್ನು ಇಟ್ಟುಕೊಂಡಿದ್ದರೆ ಯಾವ ತೊಂದರೆಯೂ ಇರಲಿಲ್ಲ ಎಂದೂ ಸೇರಿಸಿದ. ಅದನ್ನು ಕೇಳಿ ಮೂವರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಹತ್ತು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತಿನಿಂದ ವೈರ್ ಎಳೆದು ಸಾದಾ ಕ್ಯಾಸೆಟ್ಟಿಗೆ ಇಳಿಸಿದರು. ಗ್ಯಾರೇಜಮ್ಮ ಕೇಳಿ ಮುಖ ಸಿಂಡರಿಸಿದಳು. "ಎಲ್ಲಾ ಗಾಡಿಗೂ ಒಂದೇ ರೋಗ ಬಂದಿದೆ. ಎಲ್ಲಾನೂ ಸುಯ್ ಅಂತಿವೆ." ಇನ್ನೊಂದು ಯಂತ್ರಕ್ಕೆ ಅದೇ ತೂತಿನಿಂದ ಇಳಿಸಲು ಹೋದರೆ ತೂತೇ ಸವೆದಿತ್ತು, ಕರಕರ ಸದ್ದಿನ ನಡುವೆ ಟಿಕ್ ಟಿಕ್ ಕೇಳಬೇಕಾದರೆ ದೇವರೇ ಬರಬೇಕು. ದಿನಕ್ಕೆ ಹತ್ತು ಸಲ ಡಿಸ್ಕು ತಿರುಗಿತು, ಹತ್ತು ಸಲ ನಿಂತಿತು. 'ಒಂದು... ಎರಡು... ಮೂರು...' ಎಂದು ಅದರೊಳಗೆ ಗ್ಯಾರೇಜಮ್ಮ ಹೇಳುವ ಸಂಖ್ಯೆಗಳೂ ಅವುಗಳ ಹಿಂದೆ ಬರುವ ಸದ್ದುಗಳೂ ಮೂವರಿಗೂ ಬಾಯಿಪಾಠವಾದವು. ದರ್ಜಿಯಂತೂ ಇಸ್ತ್ರಿ ಮಾಡುವಾಗ ಒಂಬತ್ತನೆಯ ಸದ್ದು, ಗುಂಡಿ ಹಾಕುವಾಗ ಹದಿನಾಲ್ಕನೆಯದು ಎಂದು ಗುನುಗತೊಡಗಿದ್ದ.

ಪರೀಕ್ಷೆಯ ದಿನ ಬಂದೇಬಿಟ್ಟಿತು. ಹತ್ತು ಗಂಟೆಗೆ ಪರೀಕ್ಷೆ. ಏಳು ಗಂಟೆಗೆ ಗ್ಯಾರೇಜಮ್ಮ ಸ್ನಾನಕ್ಕೆ ಹೋಗಿದ್ದಳು, ಮಗಳು ಹಾಲು ತರಲು ಹೋಗಿದ್ದಳು. ದರ್ಜಿಗೆ ಒಂದು ಭಾರೀ ಉಪಾಯ ಹೊಳೆಯಿತು. ಇಷ್ಟು ದಿನ ಯಾರೂ ಬೇರೆ ಡಿಸ್ಕು ಹಾಕಿ ವೈರನ್ನೇ ಪರೀಕ್ಷಿಸಿರಲಿಲ್ಲವಲ್ಲ! ದುಡ್ಡು ಕೊಟ್ಟು ತಂದ ಹಾಡಿನ ಡಿಸ್ಕೊಂದನ್ನು ಹಾಡಿಸುವ ಯಂತ್ರಕ್ಕೆ ಹಾಕಿದ. ರೆಕಾರ್ಡ್ ಮಾಡುವ ಯಂತ್ರದಲ್ಲಿ ಹೇಗೂ ಒಂದು ಡಿಸ್ಕಿತ್ತು. ಗುಂಡಿ ಒತ್ತಿದ.

ಯಂತ್ರ ತಕರಾರೇ ತೆಗೆಯಲಿಲ್ಲ. ಕೆಂಪು ದೀಪ ಹತ್ತಿತು, ಅಂಕಿಗಳು ಓಡಿದವು. ದರ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಚ್ಚಲ ಬಾಗಿಲಿಗೆ ಹೋಗಿ ದಬದಬ ಬಡಿದ. "ಲೇ, ಓಡ್ತಿದೆ! ನಕಲು ಆಗ್ತಿದೆ ಕಣೇ!" ಎಂದು ಕೂಗಿದ. ಜೀವಮಾನದಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ವಾಪಸು ಬಂದು, ಹಾಡಿಗೆ ದನಿ ಸೇರಿಸಿ, ಒಂದು ಪ್ಯಾಂಟಿನ ಅಂಚನ್ನೂ ಹೊಲಿದು ಮುಗಿಸಿದ.

ಮಗಳು ಹಾಲಿನ ಪಾತ್ರೆ ಹಿಡಿದು ಬಂದವಳು ಯಂತ್ರವನ್ನು ನೋಡಿದಳು, ಮೇಜನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಅಪ್ಪ, ರೆಕಾರ್ಡರಿನೊಳಗೆ ಯಾವ ಡಿಸ್ಕಿದೆ?"

"ಅದರಲ್ಲಿ ಇತ್ತಲ್ಲ, ಅದೇ."

"ಅದೇ ಅಂದ್ರೆ?"

ದರ್ಜಿ ಯಂತ್ರ ನಿಲ್ಲಿಸಿ ಡಿಸ್ಕು ಹೊರತೆಗೆದು ನೋಡಿದ. ಹಿಂದಿನ ದಿನ ಡಿಸ್ಕುಗಳನ್ನು ಅದಲು ಬದಲು ಮಾಡಿ ನೋಡಿದ್ದವರು ಹಾಗೇ ಬಿಟ್ಟಿದ್ದರು. ಮೂವತ್ತು ಸದ್ದಿನ ಆ ಒಂದೇ ಒಂದು ಡಿಸ್ಕಿನಲ್ಲಿ, ಮೂವತ್ತರ ಮೇಲೂ, ಸೊಗಸಾದ ಹಾಡುಗಳು ಕೂತಿದ್ದವು. ಇದಕ್ಕೇನು ಹೇಳೋಣ! ಯಾರೋ ಕಟ್ಟಿದ, ಯಾರೋ ಹಾಡಿದ ಹಾಡನ್ನು ಈ ಯಂತ್ರ ಧಾರಾಳವಾಗಿ ನಕಲು ಮಾಡಲು ಬಿಡುತ್ತದೆ, ಅದೂ ನಮ್ಮ ಸ್ವಂತ ಸದ್ದಿನ ಮೇಲೆ! ಕಳ್ಳರಿಂದ ಕಾಯುತ್ತೇನೆಂದು ಬಾಗಿಲಲ್ಲಿ ನಿಂತ ಯಂತ್ರ ಮನೆಯೊಡತಿಯನ್ನೇ ಹೊರಗೆ ಹಾಕಿತ್ತು.

ಗ್ಯಾರೇಜಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ವಿಷಯ ಕೇಳಿದಳು. ಬೈಯುತ್ತಾಳೆ ಎಂದು ದರ್ಜಿ ಕತ್ತು ಒಳಗೆಳೆದುಕೊಂಡ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಹೋದ ಸದ್ದುಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸತೊಡಗಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಹನ್ನೊಂದು ವರ್ಷದ ಹೋರಾಟವನ್ನು ತಾನು ಹಾಡು ಗುನುಗುತ್ತಾ ಅಳಿಸಿಹಾಕಿದೆನಲ್ಲ ಎಂದು ಅವನಿಗೆ ಅಳು ಬಂತು. ಮಗಳಿಗೆ ಮಾತ್ರ ಯಾಕೋ ನಗು ಬಂತು. "ಬಚ್ಚಲ ಬಾಗಿಲು ಬಡಿದು ಬೇರೆ ಹೇಳಿದ್ಯಾ ಅಪ್ಪಾ?" ಎಂದು ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ಹದಿನೇಳನೇದು ಬಹಳ ಚೆನ್ನಾಗಿತ್ತು," ಎಂದಳು ಗ್ಯಾರೇಜಮ್ಮ, ಯಾರಿಗೂ ಅಲ್ಲದ ಹಾಗೆ.

"ಟಿಕ್ ಟಿಕ್ ಟಿಕ್ ಫುಸ್... ಟಿಕ್ ಟಿಕ್ ಟಿಕ್ ಫುಸ್," ಎಂದ ದರ್ಜಿ. ಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಗ್ಯಾರೇಜಮ್ಮ ತಲೆ ಎತ್ತಿದಳು. "ನಾಲ್ಕು?"

"ಖಟ್ಟ... ಖಟ್ಟ... ಕ್ರೀಂಯ್."

"ಹನ್ನೆರಡು?"

ಮಗಳು ನಡುವೆ ಬಾಯಿ ಹಾಕಿದಳು: "ಗುಡುಗುಡುಗುಡು ಢಪ್!"

ತಾಯಿ ಎದ್ದು ನಿಂತಳು. ಟವೆಲ್ ಬಿಚ್ಚಿ ಬಿಸಾಡಿದಳು. "ಮೂರು ರೂಮು, ಮೂರು ಬಾಯಿ. ರೀ, ಶರ್ಟ್ ಹಾಕ್ಕೊಳ್ಳಿ!"

"ನಾನಾ? ಜನರ ಎದುರಿಗಾ?" ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ. "ಲೇ, ನನ್ನ ಕೈಲಾಗಲ್ಲ ಕಣೇ. ಬೇಕಾದ್ರೆ ಜನ್ಮವೆಲ್ಲಾ ಪಾತ್ರೆ ತೊಳೀತೀನಿ."

"ಅದು ಹೇಗೂ ತೊಳೀತೀರಿ. ನಡೀರಿ."

ಕೊನೆಗೆ ಒಂದು ಷರತ್ತಿನ ಮೇಲೆ ಹೊರಟ. ಯಾರದೋ ಮನೆಗೆಂದು ಹೊಲಿದಿಟ್ಟಿದ್ದ ಹಳದಿ ಹೂವಿನ ಪರದೆಯನ್ನು ಕಂಕುಳಲ್ಲಿ ಇಟ್ಟುಕೊಂಡ. ಏನಿದ್ದರೂ ಅದರ ಹಿಂದಿನಿಂದಲೇ.

ಶಾಲೆಯ ಗೇಟಿನಲ್ಲಿ ಅಮ್ಮ ಮಗಳು ದಡದಡ ಒಳಗೆ ಓಡಿದರು. ದರ್ಜಿ ಮಾತ್ರ ಪರದೆಯನ್ನು ಎದೆಗವಚಿಕೊಂಡು, ಹಾಗೇ ಮನೆಗೆ ಓಡಿಹೋದರೆ ಹೇಗೆ ಎಂದು ಒಂದು ನಿಮಿಷ ಅಲ್ಲೇ ನಿಂತ. ಅಷ್ಟರಲ್ಲಿ ಪ್ರಿನ್ಸಿಪಾಲರ ಬಿಳಿ ಕಾರು ಬಂದು ಅವನ ಮೊಣಕೈಯ ಹತ್ತಿರವೇ ನಿಂತಿತು. ಅವರು ಇಳಿದು, ಪರದೆಯನ್ನೂ ಅವನನ್ನೂ ಒಮ್ಮೆ ನೋಡಿ ಒಳಗೆ ಹೋದರು. ಇನ್ನು ಓಡಿಹೋಗುವಂತಿರಲಿಲ್ಲ.

ಗ್ಯಾರೇಜಮ್ಮ ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಕಲು ಆಗ್ಲಿಲ್ಲ ಸರ್, ಇದ್ದ ಡಿಸ್ಕೂ ಅಳಿಸಿಹೋಯ್ತು. ನಾವು ಮೂವರು ಬಾಯಲ್ಲಿ ಮಾಡ್ತೀವಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಬಾಯಲ್ಲಿ."

"ಹೌದು ಸರ್."

"ಪರೀಕ್ಷೆ ಅಂದ್ರೆ ಹುಡುಗಾಟ ಅಂದ್ಕೊಂಡಿದ್ದೀರಾ? ಸರಿ, ಮಾಡಿ. ನೀವು ಮೊದಲೇ ಕೊಟ್ಟ ಉತ್ತರಗಳ ಲಕೋಟೆ ನನ್ನ ಹತ್ರ ಇದೆ. ಮೂರು ರೂಮಲ್ಲಿ ಒಂದೇ ಒಂದು ಸದ್ದು ಬೇರೆ ಆದ್ರೂ ಈ ಪರೀಕ್ಷೆಗೆ ಇವತ್ತೇ ಕೊನೆ. ನಾನು ಮೂರನೇ ರೂಮಲ್ಲಿ ಕೂರ್ತೀನಿ."

ಮೂರನೆಯ ರೂಮು ದರ್ಜಿಯದು.

ಹದಿನಾಲ್ಕು ಮಂದಿ ಬರೆಯುವವರು, ಹಿಂದೆ ಪ್ರಿನ್ಸಿಪಾಲರು, ಮುಂದೆ ಎರಡು ಕಿಟಕಿಯ ಮೊಳೆಗಳ ನಡುವೆ ಹಳದಿ ಹೂವಿನ ಪರದೆ. ಪರದೆಯ ಹಿಂದೆ ದರ್ಜಿ. "ಒಂದು," ಎಂದ. ದನಿ ಸೊಳ್ಳೆಯದಕ್ಕಿಂತ ಸಣ್ಣಗಿತ್ತು. ಆಮೇಲೆ ಕಣ್ಣು ಮುಚ್ಚಿ, ತಾನು ಪಾತ್ರೆ ತೊಳೆಯುತ್ತಿದ್ದೇನೆ ಎಂದುಕೊಂಡ. "ಛಕ ಛಕ ಛಕ ಛಕ... ಗೊಕ್!"

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕೆಮ್ಮಿನಲ್ಲಿ ನಗುವನ್ನು ಮುಚ್ಚಲು ನೋಡಿದರು. ಮುಂದಿನ ಬೆಂಚಿನಲ್ಲಿ ಡ್ರೈವರಣ್ಣ ಕೂತಿದ್ದ, ಇಪ್ಪತ್ತು ವರ್ಷ ಬಸ್ಸು ಓಡಿಸಿ ಈಗ ಮೆಕ್ಯಾನಿಕ್ ಆಗಲು ಬಂದವನು. ಅವನು ಹಿಂದೆ ತಿರುಗಿ, "ಶ್! ಎಂಥ ಸ್ಪಷ್ಟವಾಗಿ ಕೇಳಿಸ್ತಿದೆ, ಸುಮ್ನಿರ್ರಪ್ಪ!" ಎಂದು ಗದರಿದ.

ಆ ಒಂದು ಮಾತು ಸಾಕಾಯಿತು. ದರ್ಜಿಗೆ ಮೈಯೆಲ್ಲ ಹುರುಪೇರಿತು. ಐದನೆಯದಕ್ಕೆ ಭುಜ ಕುಣಿಸಿದ. ಹನ್ನೊಂದನೆಯದಕ್ಕೆ ಕೆನ್ನೆ ತಟ್ಟಿಕೊಂಡ. ಹದಿನಾರನೆಯ ಗಾಡಿ ಬೆಳಗಿನ ಚಳಿಗೆ ಸ್ಟಾರ್ಟ್ ಆಗದೆ ಒದ್ದಾಡುವುದನ್ನು ಎಷ್ಟು ಮನಸಾರೆ ಮಾಡಿದನೆಂದರೆ, ಅದು ಕೊನೆಗೂ ಸ್ಟಾರ್ಟ್ ಆದಾಗ ಎರಡು ಬೆಂಚಿನವರು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಮೇಜು ಕುಟ್ಟಿದರು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ದರ್ಜಿಗೆ ತನ್ನ ಮೇಲೇ ಸಿಟ್ಟು ಬಂತು. ಇಪ್ಪತ್ತೆರಡನೆಯದಾಗಿ ಸೈಲೆನ್ಸರಿನೊಳಗೆ ಪೆಟ್ರೋಲ್ ಸಿಡಿಯುವ ಸದ್ದು: "ಢಂ!" ಪರದೆ ಹಾರಿಬಿತ್ತು, ಮತ್ತೆ ಸಿಕ್ಕಿಸಿಕೊಂಡ. ಎಲ್ಲರೂ ನಕ್ಕರು, ಅವನೂ ನಕ್ಕ.

"ಇಪ್ಪತ್ತಮೂರು," ಎಂದ.

ಏನೂ ಇಲ್ಲ. ತಲೆಯೊಳಗೆ ಏನೇನೂ ಇಲ್ಲ. ನಗುವಿನ ಜೊತೆ ಸದ್ದೂ ಹಾರಿಹೋಗಿತ್ತು. ಇಪ್ಪತ್ತನಾಲ್ಕು ಗೊತ್ತು, ಇಪ್ಪತ್ತೈದು ಗೊತ್ತು. ಇಪ್ಪತ್ತಮೂರು ಮಾತ್ರ ಇಲ್ಲ. ಹಿಂದಿನಿಂದ ಪ್ರಿನ್ಸಿಪಾಲರ ಬೂಟು ನೆಲಕ್ಕೆ ತಟ್ಟತೊಡಗಿತು. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು. ಏನಾದರೂ ಒಂದು ಬರಲಿ, ಯಾವುದಾದರೂ ಬರಲಿ ಎಂದು ಬಾಯಿ ತೆರೆದ.

"ಗರ್ರ್... ಗರ್ರ್... ಚೀಂಯ್. ಗರ್ರ್... ಗರ್ರ್... ಚೀಂಯ್."

ಬಂತು! ಎಲ್ಲಿಂದ ಬಂತೋ, ಬಂತು. ಹದಿನಾಲ್ಕು ಪೆನ್ನುಗಳು ಓಡಿದವು. ಉಳಿದ ಏಳನ್ನೂ ಒಂದೇ ಉಸಿರಿಗೆ ಮುಗಿಸಿ, ಪರದೆಯಿಂದಲೇ ಮುಖ ಒರೆಸಿಕೊಂಡು ಹೊರಗೆ ಬಂದ.

ಪ್ರಿನ್ಸಿಪಾಲರ ಕೋಣೆಯಲ್ಲಿ ಲಕೋಟೆ ಒಡೆದರು. ಗ್ಯಾರೇಜಮ್ಮ, ಮಗಳು, ದರ್ಜಿ ಗೋಡೆಗೆ ಒರಗಿ ನಿಂತಿದ್ದರು. ಬಾಗಿಲಲ್ಲಿ ಡ್ರೈವರಣ್ಣನೂ ಇನ್ನೂ ಹತ್ತು ಮಂದಿಯೂ ಇಣುಕುತ್ತಿದ್ದರು. ಪ್ರಿನ್ಸಿಪಾಲರು ಮೂರು ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದರು. ಹತ್ತರವರೆಗೂ ಸರಿ. ಇಪ್ಪತ್ತರವರೆಗೂ ಸರಿ. ಅವರ ಹುಬ್ಬು ಮೇಲೇರುತ್ತಾ ಹೋಯಿತು. ಆಮೇಲೆ ಬೆರಳು ನಿಂತಿತು.

"ಸಿಕ್ಕಿಬಿದ್ರಿ ಮೇಡಂ. ಇಪ್ಪತ್ತಮೂರಕ್ಕೆ ಲಕೋಟೇಲಿ ಸೈಲೆನ್ಸರ್ ತೂತು ಅಂತಿದೆ. ಒಂದು, ಎರಡನೇ ರೂಮಲ್ಲಿ ಅದೇ ಬರೆದಿದ್ದಾರೆ. ಮೂರನೇ ರೂಮಲ್ಲಿ ಹದಿನಾಲ್ಕರಲ್ಲಿ ಹನ್ನೆರಡು ಜನ ವಾಟರ್ ಪಂಪಿನ ಬೇರಿಂಗ್ ಹೋಗಿದೆ ಅಂತ ಬರೆದಿದ್ದಾರೆ." ಅವರು ಪೆನ್ನಿನ ಮುಚ್ಚಳ ತೆಗೆದರು. "ಅದಕ್ಕೇ ನಾನು ಒಂದೇ ಸದ್ದು ಕೇಳಿಸ್ಬೇಕು ಅಂದಿದ್ದು. ಬಾಯಿಂದ ಬಾಯಿಗೆ ಹೋದ್ರೆ ಸದ್ದು ಕೆಟ್ಟುಹೋಗುತ್ತೆ."

ದರ್ಜಿ ನೆಲ ನೋಡಿದ. ಗ್ಯಾರೇಜಮ್ಮ ಅವನ ಕಡೆ ತಿರುಗಿದಳು. "ರೀ, ಇಪ್ಪತ್ತಮೂರಕ್ಕೆ ಏನು ಮಾಡಿದ್ರಿ? ಮಾಡಿ ತೋರಿಸಿ."

"ಇಲ್ಲೇನಾ? ಪರದೆ..."

"ಪರದೆ ಗಿರದೆ ಏನೂ ಬೇಡ. ಮಾಡಿ."

ಅಷ್ಟು ಜನರ ಎದುರಿಗೆ, ಬಟಾಬಯಲಲ್ಲಿ, ದರ್ಜಿ ಬಾಯಿ ತೆರೆದ. "ಗರ್ರ್... ಗರ್ರ್... ಚೀಂಯ್."

ಗ್ಯಾರೇಜಮ್ಮನ ಕಣ್ಣು ಮುಚ್ಚಿತು, ತೆರೆಯಿತು. "ಇದು ನಮ್ಮ ಡಿಸ್ಕಲ್ಲೇ ಇರ್ಲಿಲ್ಲ. ನಾನು ಮಾಡಿದ್ದೂ ಅಲ್ಲ. ಎಲ್ಲಿ ಕೇಳಿದ್ರಿ ಇದನ್ನ?"

ದರ್ಜಿ ಯೋಚಿಸಿದ. ಆಗ ತಿಳಿಯಿತು. ಮೊಣಕೈಯ ಹತ್ತಿರ. ಬೆಳಿಗ್ಗೆ. ಕಿಟಕಿಯಾಚೆ ಬೆರಳು ತೋರಿಸಿದ. ಬಿಳಿ ಕಾರು ನೆರಳಲ್ಲಿ ತಣ್ಣಗೆ ನಿಂತಿತ್ತು.

ಪ್ರಿನ್ಸಿಪಾಲರು ನಕ್ಕೇಬಿಟ್ಟರು. "ಏನ್ರೀ, ಹೋದ ವಾರ ತಾನೆ ಸರ್ವಿಸ್ ಮಾಡಿಸಿದ್ದೀನಿ!"

"ಬೀಗದ ಕೈ ಕೊಡಿ ಸರ್," ಎಂದಳು ಗ್ಯಾರೇಜಮ್ಮ.

ಶಾಲೆಗೆ ಶಾಲೆಯೇ ಕಾರಿನ ಸುತ್ತ ಸೇರಿತು. ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದರೆ, ಗರ್ರ್, ಗರ್ರ್, ಚೀಂಯ್! ದರ್ಜಿ ಮಾಡಿದ ಹಾಗೇ, ಒಂದು ಕೂದಲೂ ಹೆಚ್ಚಿಲ್ಲ ಕಮ್ಮಿಯಿಲ್ಲ. ನಲವತ್ತೆರಡು ಮಂದಿ ಹೋ ಎಂದು ಕೂಗಿದರು. ಗ್ಯಾರೇಜಮ್ಮ ಕಾರು ಆರಿಸಿ ಪಂಪಿನ ಚಕ್ರವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದಳು. ಮಗುವಿನ ಹಾಲುಹಲ್ಲಿನಂತೆ ಅಲ್ಲಾಡಿತು. ಕೆಳಗೆ ನೀರಿಳಿದ ಕಲೆ.

"ಇವತ್ತು ಸಂಜೆ ದಾರೀಲಿ ಇಂಜಿನ್ ಸುಟ್ಟುಹೋಗ್ತಿತ್ತು ಸರ್. ಹನ್ನೆರಡು ಜನ ಪಾಸು, ಇಬ್ಬರು ಫೇಲು. ಅವರಿಗೆ ನಾನು ಇನ್ನೊಂದು ಸಲ ಪಾಠ ಮಾಡ್ತೀನಿ."

ಪ್ರಿನ್ಸಿಪಾಲರು ತಾವೂ ಆ ಚಕ್ರವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಆಮೇಲೆ ದರ್ಜಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಮುಂದಿನ ವರ್ಷ ಪರೀಕ್ಷೆಗೆ ನೀವೇ ಬರ್ಬೇಕು. ಪರದೆ ನಾವೇ ಹಾಕಿಸ್ತೀವಿ," ಎಂದರು.

"ಪರದೆ ಬೇಡ ಸರ್," ಎಂದ ದರ್ಜಿ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

ಮನೆಯ ಮೂವರೂ ಗೇಟು ದಾಟುವ ಹೊತ್ತಿಗೆ ಅಂಗಳದ ತುಂಬ ಗರ್ರ್ ಗರ್ರ್ ಚೀಂಯ್. ಡ್ರೈವರಣ್ಣ ಇನ್ನೊಬ್ಬನಿಗೆ ಹೇಳಿಕೊಡುತ್ತಿದ್ದ, ಅವನು ಮತ್ತೊಬ್ಬಳಿಗೆ. ಬಸ್ ಸ್ಟಾಪಿನಲ್ಲಿ ಅವಳು ತನ್ನ ಅಣ್ಣನಿಗೆ ಮಾಡಿ ತೋರಿಸುತ್ತಿದ್ದಳು. "ಅಜ್ಜಿ, ಮಗಳು, ಮೊಮ್ಮಗಳು, ಮರಿಮಗಳು," ಎಂದು ಮಗಳು ಬೆರಳು ಮಡಿಸುತ್ತಾ ಬಂದಳು, ಮನೆ ಬರುವವರೆಗೂ ನಕ್ಕಳು.

ಸಂಜೆ ಊಟವಾಯಿತು. ದರ್ಜಿ ಅಭ್ಯಾಸಬಲದಿಂದ ಪಾತ್ರೆಗಳನ್ನು ಒಟ್ಟುಮಾಡಿಕೊಂಡು ಏಳಹೋದ. ಗ್ಯಾರೇಜಮ್ಮ ಅವನ ತೋಳು ಹಿಡಿದು ಕೂರಿಸಿದಳು.

"ಇವತ್ತಿನ ಸದ್ದು ನಾನು ಕೇಳಿರ್ಲಿಲ್ಲ. ನೀವು ಕೇಳಿದ್ರಿ," ಎಂದಳು. "ಇನ್ನೊಂದು ಸಲ ಮಾಡಿ. ನಾನೂ ಕಲೀತೀನಿ."

ದರ್ಜಿ ಮಾಡಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕೆನ್ನೆ ಉಬ್ಬಿಸಿ ತಾನೂ ಮಾಡಿದಳು. "ಗರ್ರ್... ಚೀಂಯ್... ಗರ್ರ್."

"ಊಹೂಂ," ಎಂದ ದರ್ಜಿ. "ಎರಡು ಗರ್ರ್ ಆದ್ಮೇಲೆ ಚೀಂಯ್."

ಮತ್ತೆ ಮಾಡಿದಳು. ಮತ್ತೆ ತಪ್ಪಾಯಿತು. ಮೂರನೆಯ ಸಲಕ್ಕೆ ನಗು ಬಂದು ಅರ್ಧಕ್ಕೇ ನಿಂತಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಪಾತ್ರೆಗಳನ್ನು ಎತ್ತಿಕೊಂಡು, ಬಚ್ಚಲ ಕಡೆ ನಡೆದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಸೋತದ್ದು ಅದೇ ಮೊದಲು. ಒಳಗಿನಿಂದ ನಲ್ಲಿ ಸುರಿಯುವ ಸದ್ದೂ, ಅದರ ಜೊತೆ ಗರ್ರ್, ಗರ್ರ್ ಎಂದು ಅವಳು ಕಲಿಯುತ್ತಿರುವ ಸದ್ದೂ ಕೇಳಿಬರುತ್ತಿತ್ತು. ದರ್ಜಿ ಕೂತಲ್ಲೇ ಕೇಳುತ್ತಾ, ಪ್ರತಿ ಸಲವೂ, "ಈಗ ಚೀಂಯ್!" ಎಂದು ಕೂಗಿ ಹೇಳುತ್ತಿದ್ದ.